ನಲ್ಲಿಗೆ ತೂಗುಹಾಕಿದ ಬೆಲ್ಟು

"ಅಲ್ಲಾಡಬೇಡ ಕಣೋ ಚಕ್ಕುಲಿ. ಕಣ್ಣಿಗೆ ಎಣ್ಣೆ ಹೋಗುತ್ತೆ."

ಚಕ್ಕುಲಿ ಕೇಳಬೇಕಲ್ಲ? ವಿಂಧ್ಯಾಳ ಕೈಯಿಂದ ಜಾರಿ, ಮೈ ಒದರಿ, ಬಚ್ಚಲ ಗೋಡೆಗೆಲ್ಲ ಎಣ್ಣೆ ಹಾರಿಸಿತು. ಬಾಗಿಲಲ್ಲಿ ನಿಂತಿದ್ದ ಆರು ವರ್ಷದ ತಮ್ಮ ಸುಧನ್ವ ಬಿದ್ದು ಬಿದ್ದು ನಕ್ಕ.

ಅಂದು ನರಕ ಚತುರ್ದಶಿ. ವಡೋದರಾದ ಆ ಹೌಸಿಂಗ್ ಸೊಸೈಟಿಯಲ್ಲಿ ಬೇರೆ ಯಾರೂ ಇನ್ನೂ ಎದ್ದಿರಲಿಲ್ಲ. ಆದರೆ ಬ್ಯಾಂಕಿನವರು ಅಪ್ಪನನ್ನು ಯಾವ ಊರಿಗೆ ವರ್ಗ ಮಾಡಿದರೂ ತುಮಕೂರಿನ ಎಣ್ಣೆಸ್ನಾನ ಮಾತ್ರ ಜೊತೆಗೇ ಬರುತ್ತಿತ್ತು. ಮನೆಯವರಿಗೆಲ್ಲ ಎಣ್ಣೆಸ್ನಾನ ಅಂದಮೇಲೆ ನಾಯಿ ಚಕ್ಕುಲಿಗೂ ಆಗಲೇಬೇಕು ಎಂದು ವಿಂಧ್ಯಾ ಹಟ ಹಿಡಿದಿದ್ದಳು.

"ಮೊದಲು ಬೆಲ್ಟು ತೆಗೆದಿಡು, ಎಣ್ಣೆ ಕುಡಿದ್ರೆ ಹಾಳಾಗುತ್ತೆ," ಅಮ್ಮ ಅಡುಗೆಮನೆಯಿಂದ ಹೇಳಿದಳು. "ಮೈ ಒರೆಸಿದ ತಕ್ಷಣ ವಾಪಸ್ ಹಾಕ್ಬೇಕು, ಆಯ್ತಾ?"

"ಗೊತ್ತಮ್ಮಾ." ವಿಂಧ್ಯಾ ಬೆಲ್ಟು ಬಿಚ್ಚಿ ನಲ್ಲಿಗೆ ತೂಗುಹಾಕಿದಳು.

ಆ ಬೆಲ್ಟಿಗೆ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಅಪ್ಪನ ಫೋನ್ ನಂಬರ್. ಚಕ್ಕುಲಿ ಕಂದು ಬಣ್ಣದ ಸಾದಾ ನಾಯಿ. ಬಾಲ ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು ಅನ್ನುವುದೊಂದೇ ವಿಶೇಷ. ಬೀದಿನಾಯಿಗಳ ನಡುವೆ ನಿಂತರೆ ಬೆಲ್ಟು ನೋಡಿಯೇ ಗುರುತು ಹಿಡಿಯಬೇಕು. ಎಲ್ಲಿ ಕಳೆದುಹೋಗುತ್ತದೋ ಎಂದು ಅಪ್ಪನಿಗೆ ಭಯ. ಬಂದವರಿಗೆ, ಹೋದವರಿಗೆ, ಹಾಲಿನವನಿಗೆ, ಎಲ್ಲರಿಗೂ ಅವರದು ಒಂದೇ ಮಾತು, "ಗೇಟ್ ಹಾಕಿ."

ಟವೆಲ್ಲಿನಲ್ಲಿ ಚಕ್ಕುಲಿಯ ಮೈ ಒರೆಸುವಷ್ಟರಲ್ಲಿ ಸುಧನ್ವ ಅಂಗಳಕ್ಕೆ ಓಡಿದ್ದ. "ಅಕ್ಕಾ, ಪಟಾಕಿ ಹಚ್ತಾ ಇದೀವಿ. ಬೇಗ ಬಾ."

ಸ್ನಾನವಾದ ಕೂಡಲೇ ಪಟಾಕಿ ಹೊಡೆಯುವುದೂ ಅವರ ಮನೆಯ ಪದ್ಧತಿಯೇ. ವಿಂಧ್ಯಾ ಎದ್ದು ಓಡಿದಳು. ಹಿಂದೆಯೇ ಚಕ್ಕುಲಿಯೂ ಓಡಿತು. ಅಮ್ಮ ಆಗಲೇ ಗೇಟು ತೆರೆದು ರಂಗೋಲಿ ಹಾಕುತ್ತಿದ್ದಳು. ಅಪ್ಪ ಸುಧನ್ವನ ಕೈ ಹಿಡಿದು ಊದುಬತ್ತಿ ತಾಗಿಸಿದರು.

ಪಟಾಕಿ ಢಂ ಎಂದಿತು. ಚಕ್ಕುಲಿ ಒಮ್ಮೆ ಕುಂಯ್ ಎಂದಿದ್ದಷ್ಟೇ. ಹಸಿ ಕಾಲಿನಲ್ಲಿ ರಂಗೋಲಿ ತುಳಿದು, ಗೇಟು ದಾಟಿ, ಮೂಲೆ ತಿರುಗಿ ಕಾಣದಾಯಿತು.

ಅಪ್ಪ ಸ್ಕೂಟರ್ ಹತ್ತಿ ಹೋದರು. ಉಳಿದವರು ಗಲ್ಲಿ ಗಲ್ಲಿ ತಿರುಗಿ ಕೂಗಿದರು. ಬಿಸಿಲೇರಿದ ಮೇಲೆ ಎಲ್ಲರೂ ಬರಿಗೈಯಲ್ಲಿ ವಾಪಸ್ಸಾದರು.

"ನಿನ್ನಿಂದಲೇ ಆಗಿದ್ದು," ವಿಂಧ್ಯಾ ತಮ್ಮನ ಮೇಲೆ ಹರಿಹಾಯ್ದಳು. "ನಿಂಗೆ ಪಟಾಕಿ ಬೇಕೇ ಬೇಕಿತ್ತು."

ಸುಧನ್ವ ಒಳಗೆ ಓಡಿದ. ಉಳಿದ ಪಟಾಕಿಗಳನ್ನೆಲ್ಲ ತಂದು ನೀರಿನ ಬಕೆಟ್ಟಿಗೆ ಹಾಕಿಬಿಟ್ಟ.

"ಜಗಳ ಬೇಡ," ಅಪ್ಪ ಫೋನನ್ನು ಮೇಜಿನ ಮೇಲಿಟ್ಟರು. "ಕುತ್ತಿಗೇಲಿ ನಂಬರ್ ಇದೆಯಲ್ಲ, ಯಾರಾದ್ರೂ ಫೋನ್ ಮಾಡ್ತಾರೆ."

ನಾಲ್ವರೂ ಫೋನನ್ನೇ ನೋಡುತ್ತಾ ಕೂತರು. ಮುಖ ತೊಳೆಯಲೆಂದು ವಿಂಧ್ಯಾ ಬಚ್ಚಲಿಗೆ ಹೋದಳು. ಬೆಲ್ಟು ನಲ್ಲಿಯಲ್ಲಿ ನೇತಾಡುತ್ತಿತ್ತು.

ಅವಳು ಬೆಲ್ಟನ್ನು ತಂದು ಫೋನಿನ ಪಕ್ಕ ಇಟ್ಟಳು. "ಹಾಕೋದು ಮರ್ತೇ ಹೋಯ್ತು," ಅಂದಳು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಪಕ್ಕದ ಮನೆಯ ಹಂಸಾಬೆನ್ ತಟ್ಟೆಯಲ್ಲಿ ವಡೆ ಹಿಡಿದು ಬಂದರು. ಗುಜರಾತಿಗಳಿಗೆ ಅದು ಕಾಳಿ ಚೌದಸ್. ಮನೆಯ ಕಿರಿಕಿರಿಯೆಲ್ಲ ತೊಲಗಲಿ ಎಂದು ಅಂದು ಚೌಕದಲ್ಲಿ ವಡೆ ಇಟ್ಟು, ಸುತ್ತ ನೀರು ಸುರಿದು, ತಿರುಗಿ ನೋಡದೆ ಮನೆಗೆ ಬರುತ್ತಾರೆ.

"ವಡೆ ತಿನ್ನೋಕೆ ನಾಯಿಗಳೆಲ್ಲ ಬರ್ತಾವೆ ಬೇಟಾ," ಅಂದರು. "ನಿಮ್ಮದೂ ಬರಬಹುದು. ನಡಿ."

ವಿಂಧ್ಯಾ ಬೆಲ್ಟು ಹಿಡಿದುಕೊಂಡು ಹೊರಟಳು. ಚೌಕದಲ್ಲಿ ವಡೆಗಳ ಸುತ್ತ ಕಪ್ಪು ನಾಯಿ, ಬಿಳಿ ನಾಯಿ, ಕುಂಟು ನಾಯಿ ಎಲ್ಲ ಇದ್ದವು. ಚಕ್ಕುಲಿ ಇರಲಿಲ್ಲ. ವಡೆ ಇಟ್ಟು ನಾಲ್ಕು ಹೆಜ್ಜೆ ಹೋಗಿದ್ದ ಹಂಸಾಬೆನ್ ತಿರುಗಿ ನೋಡಿದರು. ನೋಡಬಾರದಿತ್ತು. ಆದರೂ ವಾಪಸ್ ಬಂದು ಅವಳ ಭುಜದ ಮೇಲೆ ಕೈಯಿಟ್ಟು ನಿಂತರು.

ಎದುರಿನ ಸೊಸೈಟಿಯ ಮುದುಕ ವಾಚ್‌ಮನ್‌ನನ್ನು ಅವರೇ ಕೇಳಿದರು.

"ಬಾಲ ಸುತ್ತಿಕೊಂಡಿದ್ದ ಕಂದು ನಾಯಿನಾ?" ಅವನು ಎದ್ದು ನಿಂತ. "ಬೆಳಿಗ್ಗೆ ಬಂದಿತ್ತು. ಕಾರಿನ ಕೆಳಗೆ ನಡುಗ್ತಾ ಕೂತಿತ್ತು. ಕುತ್ತಿಗೇಲಿ ಪಟ್ಟಾ ಇರಲಿಲ್ಲ ಬೇಟಾ, ಬೀದೀದು ಅಂದ್ಕೊಂಡೆ. ಕೋಲು ತೋರಿಸಿ ಓಡಿಸ್ಬಿಟ್ಟೆ."

ಹೇಳುತ್ತಾ ಹೇಳುತ್ತಾ ಅವನ ಮುಖ ಸಣ್ಣಗಾಯಿತು. ವಿಂಧ್ಯಾಳಿಗೆ ಸಿಟ್ಟು ಉಕ್ಕಿ ಬಂತು. ಆದರೆ ಅವನನ್ನು ಏನೆಂದು ಬೈಯುವುದು? ಪಟ್ಟಾ ಅವಳ ಕೈಯಲ್ಲೇ ಇತ್ತು.

ದೀಪಾವಳಿ ಮುಗಿಯಿತು. ಕಂಬಗಳಿಗೆ ಫೋಟೊ ಅಂಟಿಸಿದ್ದಾಯಿತು, ವಾಟ್ಸಾಪ್ ಗ್ರೂಪುಗಳಿಗೆಲ್ಲ ಕಳಿಸಿದ್ದಾಯಿತು. ಚಕ್ಕುಲಿ ಬರಲಿಲ್ಲ. ಅದು ತುಳಿದು ಹೋದ ರಂಗೋಲಿಯನ್ನು ಅಮ್ಮ ಎಷ್ಟೋ ದಿನ ಗುಡಿಸಲಿಲ್ಲ. ಒಮ್ಮೆ ಅಜ್ಜಿಯ ಜೊತೆ ಫೋನಿನಲ್ಲಿ "ಗೇಟು ತೆಗೆದಿಟ್ಟಿದ್ದು ನಾನೇ ಅಲ್ವಾ" ಎನ್ನುತ್ತಿದ್ದುದು ವಿಂಧ್ಯಾಳಿಗೆ ಕೇಳಿಸಿತು. ಅಪ್ಪ ಈಗ ಯಾರಿಗೂ ಗೇಟು ಹಾಕಿ ಎನ್ನುತ್ತಿರಲಿಲ್ಲ. ಹಗಲೆಲ್ಲ ಅದು ತೆರೆದೇ ಇರುತ್ತಿತ್ತು.

ಹದಿನೈದು ದಿನ ಕಳೆದು ಕಾರ್ತಿಕ ಹುಣ್ಣಿಮೆ ಬಂತು, ಗುಜರಾತಿಗಳ ದೇವ್ ದಿವಾಳಿ. ಆ ಸಂಜೆ ಮತ್ತೆ ಪಟಾಕಿಗಳು ಶುರುವಾದವು.

"ಅಕ್ಕಾ, ಸ್ಕೂಟರ್ ಕೆಳಗೆ," ಸುಧನ್ವ ಅವಸರದಿಂದ ಬಂದ. "ನಮ್ಮ ಚಕ್ಕುಲಿ."

ವಿಂಧ್ಯಾ ಓಡಿ ಹೋಗಿ ಬಗ್ಗಿ ನೋಡಿದಳು. ಕಂದು ನಾಯಿಯೇ. ಆದರೆ ಬಾಲ ನೆಟ್ಟಗಿತ್ತು. ಬೆಲ್ಟು ಇರಲಿಲ್ಲ. ಗಡಗಡ ನಡುಗುತ್ತಿತ್ತು.

ಅವಳಿಗೆ ಅಳು ಬಂತು. ಸುಧನ್ವನ ಕಣ್ಣೂ ತುಂಬಿತ್ತು. "ಓಡಿಸ್ಲಾ ಅಕ್ಕಾ?" ಎಂದ.

"ಬೇಡ." ವಿಂಧ್ಯಾ ಒಳಗೆ ಹೋಗಿ ಚಕ್ಕುಲಿಯ ಬಟ್ಟಲಿಗೆ ನೀರು ತುಂಬಿಸಿ ತಂದು ಸ್ಕೂಟರಿನ ಪಕ್ಕ ಇಟ್ಟಳು. ಆಮೇಲೆ ಮೆಟ್ಟಿಲ ಮೇಲೆ ತಮ್ಮನಿಗೆ ಒತ್ತಿಕೊಂಡು ಕೂತಳು. "ಅವತ್ತು ನಿನ್ನಿಂದ ಆಗಿದ್ದಲ್ಲ ಕಣೋ," ಅಂದಳು. ಅವನು ಅವಳ ತೋಳಿಗೆ ಮುಖ ಒರೆಸಿಕೊಂಡ.

ಆಫೀಸಿನಿಂದ ಬಂದ ಅಪ್ಪನ ಕೈ ಹಳೆಯ ಅಭ್ಯಾಸದಿಂದ ಗೇಟಿನ ಚಿಲಕಕ್ಕೆ ಹೋಯಿತು. ಮಕ್ಕಳನ್ನು ನೋಡಿದರು. ಸ್ಕೂಟರಿನ ಕೆಳಗೆ ನೋಡಿದರು. ಚಿಲಕ ಬಿಟ್ಟು ಬಂದು, ಚೀಲ ಪಕ್ಕಕ್ಕಿಟ್ಟು, ಅವರ ಜೊತೆ ಕೂತರು.

ಪಟಾಕಿ ನಿಲ್ಲುವವರೆಗೂ ಯಾರೂ ಅಲ್ಲಾಡಲಿಲ್ಲ. ಆಮೇಲೆ ಆ ನಾಯಿ ನಿಧಾನವಾಗಿ ಹೊರಬಂದು, ಬಟ್ಟಲಿನ ನೀರು ಕುಡಿದು, ತೆರೆದ ಗೇಟಿನಿಂದ ತನ್ನ ದಾರಿ ಹಿಡಿದು ಹೋಯಿತು.