ಒಳಗೋಟೆಗೆ ಬಂದ ಹೆಪ್ಪು

ಜೀಪುಗಳು ಧೂಳೆಬ್ಬಿಸಿಕೊಂಡು ಗಡಿಕಲ್ಲಿನವರೆಗೆ ಬಂದು ನಿಂತವು. ಬಂದೂಕು ಹಿಡಿದಿದ್ದ ನಾಯಕ ಆಕಳಿಸಿದ. "ಇಲ್ಲೇನೈತಿ ಮಣ್ಣು? ನಡೀರಿ" ಎಂದ. ಜೀಪುಗಳು ಬಂದ ದಾರಿಗೇ ತಿರುಗಿದವು. ಹೆಬ್ಬಂಡೆಗಳ ಹಿಂದೆ, ಕೂಗಳತೆಯ ದೂರದಲ್ಲಿ, ಒಳಗೋಟೆ ನಗರ ಎಂದಿನಂತೆ ರೊಟ್ಟಿ ಬಡಿಯುತ್ತಿತ್ತು.

ಗೋಪುರದ ಮೇಲೆ ವಿಮುಖಯಂತ್ರವನ್ನು ಒರೆಸುತ್ತಿದ್ದ ವಿಜ್ಞಾನಿ ಇಂದುಮತಿ ಹೆಮ್ಮೆಯಿಂದ ನಕ್ಕಳು. ಅದು ಅವಳದೇ ಸೃಷ್ಟಿ. ಮನುಷ್ಯ ಏನನ್ನಾದರೂ ಬಯಸಿದಾಗ ಅವನ ಮಿದುಳಿನಿಂದ ಬಯಕೆಯಲೆಗಳು ಹೊರಡುತ್ತವೆ. ಯಂತ್ರ ಅವನ್ನು ಹಿಡಿದು ಎದುರಲೆ ಕಳಿಸುತ್ತದೆ. ನಗರದಿಂದ ಏನನ್ನಾದರೂ ಒಯ್ಯಲು ಬಂದವನ ಆಸೆ ಗಡಿಕಲ್ಲಿನ ಬಳಿಯೇ ಆರಿ, ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತದೆ. ನೀರಿಗಾಗಿ ಊರೂರೇ ಸುಲಿಗೆಯಾಗುತ್ತಿದ್ದ ಆ ಕಾಲದಲ್ಲಿ ಒಳಗೋಟೆಯ ಕೆರೆ ಉಳಿದದ್ದು ಇದರಿಂದಲೇ.

ಆದರೆ ಈಚೆಗೆ ಅಪರಿಚಿತರು ಬರತೊಡಗಿದ್ದರು. ಒಬ್ಬ ಕ್ಷೌರಿಕ, ಒಬ್ಬ ಶಹನಾಯಿಯವನು, ಮೊನ್ನೆ ಒಬ್ಬಳು ಸೂಲಗಿತ್ತಿ. "ಯಾಕೋ ಕಾಲು ಈ ಕಡೆ ಎಳೀತು" ಎನ್ನುವುದೇ ಎಲ್ಲರ ಉತ್ತರ.

"ಅಕ್ಕಾರ, ಬೇಲಿ ಹರದೈತಿ," ಎಂದ ಊರ ಹಿರಿಯ ಬಸಲಿಂಗಪ್ಪ. "ಇವತ್ತ ಸೂಲಗಿತ್ತಿ ಬಂದ್ಲು, ನಾಳೆ ಬಂದೂಕಿನವ್ರು ಬರ್ತಾರ. ಎಲ್ಲಿ ಹರದೈತಿ ಹುಡುಕ್ರಿ. ಸಿಗಲಿಲ್ಲಂದ್ರ ಊರು ಬಿಡೂದ."

"ನನ್ನ ಯಂತ್ರ ಹಂಗೆಲ್ಲಾ ಕೆಡೂದಿಲ್ರಿ, ಯಜಮಾನ್ರ."

"ಹಂಗಾರ ಹೊರಗ ಹೋಗಿ ನೋಡ್ಕೊಂಡ ಬರ್ರಿ."

ಯಂತ್ರ ಕೂರಿಸಿದ ಮೇಲೆ ಒಳಗಿನವರು ಯಾರೂ ಗಡಿಕಲ್ಲು ದಾಟಿರಲಿಲ್ಲ. ಇಂದುಮತಿ ದಾಟಿದಳು. ಮಾಪಕ ಹಿಡಿದು ಊರ ಸುತ್ತ ನಡೆದಳು. ಎಲ್ಲೂ ಬಿರುಕಿಲ್ಲ. ಬೀಗುತ್ತ ಮನೆಯತ್ತ ಹೊರಟವಳು ತುಸು ಹೊತ್ತಿನಲ್ಲೇ ಎದುರು ದಿಕ್ಕಿಗೆ ನಡೆಯುತ್ತಿದ್ದಳು. ತಿರುಗಿದಳು, ಮತ್ತೆ ಅದೇ. ನೆರಳು ಬೇಕು, ನೀರು ಬೇಕು, ಮನೆ ಬೇಕು ಎಂದು ಹಂಬಲಿಸಿದಷ್ಟೂ ಅವಳ ಯಂತ್ರವೇ ಅವಳನ್ನು ದೂಡಿತು. ಇನ್ನು ಊರು ಸೇರುವುದು ಹೇಗೆ?

ಬಂಡೆಯೊಂದರ ಬುಡದಲ್ಲಿ ಕುಸಿದು ಕೂತಾಗ ಹೆಂಗಸೊಬ್ಬಳು ಕುಂಟುತ್ತ ಬಂದಳು. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಕುಡಿಕೆ.

"ನಾನು ಹುಲಿಗೆವ್ವ. ಈ ಕಡೆ ಊರೈತೇನ ತಂಗಿ?"

"ಊರಾಗ ಏನ್ ಬೇಕಾಗಿತ್ತು?"

"ನನಗೇನ್ ಬೇಕಿಲ್ಲವ್ವ. ನಮ್ಮೂರು ಖಾಲಿ ಆತು. ನಮ್ಮವ್ವನ ಕಾಲದ ಹೆಪ್ಪು ನನ್ನ ಕೈಯಾಗ ಸಾಯಬಾರ್ದು ನೋಡು. ಯಾರರ ಮನ್ಯಾಗ ಮೊಸರಾಗ್ಲಿ ಅಂತ ಹೊಂಟೀನಿ. ಕಾಲು ಉಳುಕೇತಿ, ಇದನ್ನೀಟು ಹಿಡಕೊ. ಅಲುಗಿಸಬ್ಯಾಡ ಮತ್ತ, ಕದಡೀತು!"

ಇಂದುಮತಿ ಕುಡಿಕೆಗೆ ಸೆರಗು ಮುಚ್ಚಿ ಅವಳ ಜೊತೆ ನಡೆದಳು. ಇದು ಅಲುಗಬಾರದು, ಬಿಸಿಲು ತಾಗಬಾರದು, ಹುಳಿಯೇರುವ ಮೊದಲು ಯಾರದಾದರೂ ಹಾಲಿಗೆ ಬೀಳಬೇಕು. ಬೇರೇನೂ ಅವಳ ಮನಸ್ಸಿನಲ್ಲಿರಲಿಲ್ಲ. ತಲೆಯೆತ್ತಿದರೆ ಎದುರಿಗೆ ಊರ ಬಾಗಿಲು!

ಆಗ ಹೊಳೆಯಿತು. ಕ್ಷೌರಿಕನ ಪೆಟ್ಟಿಗೆ, ಶಹನಾಯಿ, ಸೂಲಗಿತ್ತಿಯ ಬೇರುಗಳ ಗಂಟು. ಒಂದು ತುದಿಯನ್ನು ದೂಡುವ ಅಯಸ್ಕಾಂತ ಇನ್ನೊಂದನ್ನು ಸೆಳೆಯಲೇಬೇಕಲ್ಲ! ಒಯ್ಯಲು ಬಂದವರನ್ನು ದೂಡುತ್ತಿದ್ದ ಯಂತ್ರ, ಕೊಡಲು ಹೊರಟವರನ್ನು ಎಲ್ಲೆಲ್ಲಿಂದಲೋ ಎಳೆದು ತರುತ್ತಿತ್ತು.

ಅವಳು ವಿವರಿಸಿದ್ದನ್ನೆಲ್ಲ ಕೇಳಿ ಬಸಲಿಂಗಪ್ಪ ತಲೆ ಕೆರೆದುಕೊಂಡ. "ಅಂದ್ರ, ನಾವೂ ಹೊರಗ ಹೋದ್ರ ತಿರುಗಿ ಬರಾಕ ಏನರ ತರಬೇಕೇನ್ರಿ?"

ಉತ್ತರ ಹುಲಿಗೆವ್ವ ಕೊಟ್ಟಳು. "ಅದರಾಗೇನೈತೋ ಯಪ್ಪಾ, ಇಷ್ಟು ದಿನ ನೀ ಮಂದಿ ಮನಿಗೆ ಬರಿಗೈಲೆ ಹೋಗ್ತಿದ್ಯೇನು?"

ಗಡಿಕಲ್ಲಿನಾಚೆ ಯಾರೋ ಮಗ್ಗದ ಮರಗಳನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಬಸಲಿಂಗಪ್ಪ ಮೀಸೆ ತಿರುವಿಕೊಂಡು, ತಾನೇ ಹೋಗಿ ಬಾಗಿಲು ತೆಗೆದ.