ಸೇತುವೆಯ ಕಾವಲುಗಾರನಿಗೆ ಸೀನು

“ನಾನು ಸೇತುವೆ ದಾಟಲ್ಲ,” ಎಂದ ಗುಂಡ.

“ದಾಟ್ಲೇಬೇಕು,” ಎಂದಳು ಚೂಟಿ. “ಗುಹೆ ಇರೋದು ಆ ಕಡೆ.”

“ಇರ್ಲಿ ಬಿಡು. ಮೊದ್ಲು ಈ ಕಾವಲುಗಾರನ್ನ ಮಾತಾಡಿಸ್ಬೇಕು. ಅವನು ಯಾಕೆ ಸೀನ್ತಿದಾನೆ?”

ಚೂಟಿಯ ಅಪ್ಪ ದರ್ಜಿ. ಭಾನುವಾರ ಅಂಗಡಿಗೆ ಯಾರೂ ಬರುವುದಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಮೇಜು ಅವತ್ತು ಮಕ್ಕಳದು. ಬಟ್ಟೆಗೆ ಗುರುತು ಹಾಕುವ ಚಾಕ್ ಹಿಡಿದು ಚೂಟಿ ಅದರ ಮೇಲೆ ಒಂದು ರಾಜ್ಯವನ್ನೇ ಬರೆದಿದ್ದಳು. ನೀಲಿ ಚೂರುಬಟ್ಟೆ ನದಿ. ಮರದ ಸ್ಕೇಲು ಸೇತುವೆ. ಹಿತ್ತಾಳೆ ಗುಂಡಿ ಎಂದರೆ ಗುಂಡನ ವೀರ. ಕೋಟಿನ ಕಪ್ಪು ಗುಂಡಿ ಉದ್ದಕ್ಕನ ಮಂತ್ರವಾದಿನಿ. ಉದ್ದಕ್ಕ ಮೇಲಿನ ಮನೆಯ ಹುಡುಗಿ, ಇವರಿಗಿಂತ ಒಂದು ಕ್ಲಾಸ್ ದೊಡ್ಡವಳು. ಎತ್ತರದಲ್ಲಿ ಮಾತ್ರ ಮೂರು ಕ್ಲಾಸ್ ದೊಡ್ಡವಳು.

ಆಟದಲ್ಲಿ ಕತೆ ಹೇಳುವವಳು ಚೂಟಿ. ತಮ್ಮ ವೀರರು ಏನು ಮಾಡುತ್ತಾರೆಂದು ಮಿಕ್ಕಿಬ್ಬರು ಹೇಳಬೇಕು. ಕಷ್ಟದ ಕೆಲಸವಾದರೆ ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಚಿಕ್ಕದು ಬಿದ್ದರೆ ಫಜೀತಿ. ರೂಲ್ಸ್ ಎಲ್ಲ ಚೂಟಿಯವೇ. ಗುಹೆಯೊಳಗಿನ ಗುಡುಗುಹೊಟ್ಟೆ ರಾಕ್ಷಸನೂ ಅವಳವನೇ. ವಾರವಿಡೀ, ಹಲ್ಲುಜ್ಜುವಾಗಲೂ ಅವಳಿಗೆ ಅವನದೇ ಯೋಚನೆ. ಅವನ ಹೊಟ್ಟೆ ಗುಡುಗಿದರೆ ಬಂಡೆ ಉರುಳಬೇಕು. ಬಾಲ ಕತ್ತರಿಸಿದರೆ ಎರಡು ಬಾಲ ಚಿಗುರಬೇಕು.

ಕಾವಲುಗಾರನ ಬಗ್ಗೆ ಮಾತ್ರ ಅವಳು ಏನೂ ಯೋಚಿಸಿರಲಿಲ್ಲ. ಸೇತುವೆ ಬೋಳುಬೋಳಾಗಿ ಕಂಡಿತೆಂದು, “ಅಲ್ಲೊಬ್ಬ ಕಾವಲುಗಾರ ಸೀನುತ್ತಾ ನಿಂತಿದಾನೆ” ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅಷ್ಟೇ.

“ಸುಮ್ನೆ ಸೀನ್ತಿದಾನೆ, ನಡೀರಿ,” ಎಂದಳು ಈಗ.

“ಸುಮ್ಸುಮ್ನೆ ಯಾರಾದ್ರೂ ಸೀನ್ತಾರಾ?” ಎಂದಳು ಉದ್ದಕ್ಕ. “ನಾನು ಅವನ ಮೂಗೊಳಗೆ ಇಣುಕಿ ನೋಡ್ತೀನಿ. ದಾಳ ಕೊಡು.”

ದಾಳ ಉರುಳಿ ಕತ್ತರಿಗೆ ತಾಗಿ ನಿಂತಿತು. ಆರು.

ಚೂಟಿಯ ಮುಖ ಊದಿಕೊಂಡಿತು. “ಮೂಗಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಭೂಕಂಪ ಆಯ್ತು. ಸೇತುವೆ ಮುರೀತು. ನೀವಿಬ್ರೂ ದೊಪ್ ಅಂತ ಗುಹೆಯೊಳಗೆ ಬಿದ್ರಿ.”

“ಗುಹೆ ಆ ಕಡೆ ಇದೆ ಅಂದ್ಯಲ್ಲ?” ಎಂದ ಗುಂಡ.

“ಈಗ ಕೆಳಗಿದೆ.”

ಉದ್ದಕ್ಕ ಎದ್ದು ನಿಂತಳು. “ಎಲ್ಲಾ ನೀನೇ ಹೇಳೋದಾದ್ರೆ ನಾವ್ಯಾಕೆ ಬೇಕು? ಒಬ್ಳೇ ಆಡ್ಕೋ.”

ಅವಳ ಹಿಂದೆ ಗುಂಡನೂ ಹೊರಟ. ಬಾಗಿಲಲ್ಲಿ ತಿರುಗಿ, “ಪಾಪ, ಕಾವಲುಗಾರನೂ ಬಿದ್ನಾ?” ಎಂದು ಕೇಳಿದ.

ಎರಡೂ ಗುಂಡಿಗಳನ್ನು ಚೂಟಿಯೇ ಗುಹೆಯೊಳಗೆ ತಳ್ಳಿದಳು. ರಾಕ್ಷಸನ ಹೊಟ್ಟೆ ಗುಡುಗಿತು. ಬಂಡೆ ಉರುಳಿತು. ಬಾಲ ಎರಡಾಯಿತು. ಎಲ್ಲವೂ ಅವಳು ಅಂದುಕೊಂಡ ಹಾಗೇ ಆಯಿತು. ಆದರೆ ಗುಂಡಿಗಳು ಹೆದರಲಿಲ್ಲ. ಒಂದಾದರೂ “ಅಯ್ಯೋ” ಅನ್ನಲಿಲ್ಲ.

“ಯಾಕೆ ಮಗಳೇ, ಸದ್ದೇ ಇಲ್ಲ?” ಮೂಲೆಯ ಹೊಲಿಗೆ ಮೆಷಿನ್ನಿನ ಸೂಜಿಗೆ ದಾರ ಪೋಣಿಸುತ್ತಾ ಅಪ್ಪ ಕೇಳಿದರು.

“ಅವ್ರಿಗೆ ಆಡೋಕೇ ಬರಲ್ಲಪ್ಪಾ. ಅಷ್ಟು ದೊಡ್ಡ ರಾಕ್ಷಸನ್ನ ಬಿಟ್ಟು ಕಾವಲುಗಾರನಿಗೆ ಗಂಟುಬಿದ್ರು.”

ಅಪ್ಪ ಮೆಷಿನ್ನಿನ ಚಕ್ರಕ್ಕೆ ಕೈ ಹಾಕಿದವರು ತಿರುಗಿಸದೆ ಹಾಗೇ ಕೂತರು. “ಹೌದೂ, ಅವನಿಗೆ ಯಾಕೆ ಸೀನು ಬರ್ತಿತ್ತು?”

“ನೀವೂನಾ ಅಪ್ಪಾ?”

“ಕಿವಿಗೆ ಬಿತ್ತು. ಕೇಳೋಣ ಅಂತ ಮೆಷಿನ್ ನಿಲ್ಲಿಸ್ದೆ. ಅಷ್ಟರಲ್ಲಿ ಭೂಕಂಪ ಆಗೋಯ್ತು.”

ಚೂಟಿಗೆ ನಗು ಬಂತು. ತುಟಿ ಕಚ್ಚಿಕೊಂಡು ಹೊರಗೆ ಹೋದಳು.

ಗುಂಡ, ಉದ್ದಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಇಬ್ಬರೂ ಅವಳನ್ನು ನೋಡದ ಹಾಗೆ ನೋಡಿದರು.

“ಭೂಕಂಪ ಕ್ಯಾನ್ಸಲ್,” ಎಂದಳು ಚೂಟಿ.

ಗುಂಡ ಉದ್ದಕ್ಕನ ಮುಖ ನೋಡಿದ.

“ಮೂಗಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ. ಆರು ಬಿದ್ದಿದ್ದು ನಿಂಗಲ್ವಾ ಉದ್ದಕ್ಕಾ? ನೀನೇ ಹೇಳು.”

“ನಾನು ಏನು ಹೇಳಿದ್ರೂ ನಡಿಯತ್ತಾ?”

“ನಡಿಯತ್ತೆ.”

ಉದ್ದಕ್ಕ ಕಣ್ಣು ಕಿರಿದು ಮಾಡಿದಳು. “ಹಾಗಾದ್ರೆ, ಒಂದು ಮಿಂಚುಹುಳ ಇದೆ. ಹೊರಗೆ ಬಾ ಅಂದ್ರೆ ಚಳಿ ಅಂತಿದೆ.”

“ನಾನು ಅದಕ್ಕೊಂದು ಸ್ವೆಟರ್ ಹೆಣೀತೀನಿ,” ಎನ್ನುತ್ತಲೇ ಗುಂಡ ಅಂಗಡಿಗೆ ಓಡಿ ದಾಳ ಎತ್ತಿಕೊಂಡ. ಮಿಕ್ಕಿಬ್ಬರೂ ಅವನ ಹಿಂದೆಯೇ ಓಡಿದರು.

ಬಿದ್ದದ್ದು ಒಂದು.

ಚೂಟಿ ಗಲ್ಲ ಕೆರೆದುಕೊಂಡಳು. “ಫಜೀತಿ. ಸ್ವೆಟರ್‌ಗೆ ಐದೇ ತೋಳು ಬಂತು. ಹುಳಕ್ಕೆ ಆರು ಕಾಲು.”

“ಪರವಾಗಿಲ್ಲ,” ಎಂದ ಗುಂಡ. “ಆ ಒಂದು ಕಾಲಿಗೆ ಯಾವಾಗ್ಲೂ ಸೆಕೆ.”

ಉದ್ದಕ್ಕ ಮೇಜು ಹಿಡಿದುಕೊಂಡು ನಕ್ಕಳು. ಮೆಷಿನ್ ಕಡೆಯಿಂದಲೂ ಯಾರೋ ನಕ್ಕಂತಾಯಿತು.

“ಸರಿ, ಹುಳ ಆಚೆ ಬಂತು. ಆಮೇಲೆ ಕಾವಲುಗಾರ ಏನಂದ?” ಎಂದು ಗುಂಡ ಕೇಳಿದ.

ಚೂಟಿ ಬಾಯಿ ತೆರೆದಳು. ಒಳಗೆ ಏನೂ ತಯಾರಿರಲಿಲ್ಲ. ಇಬ್ಬರೂ ಮೊಣಕೈ ಊರಿ ಮುಂದಕ್ಕೆ ಬಾಗಿದ್ದರು. ಅವಳೂ ಬಾಗಿದಳು, ಕಾವಲುಗಾರ ಏನನ್ನುತ್ತಾನೋ ಕೇಳಲು.