ಆ ಪದ ನನಗೆ ಗೊತ್ತಿಲ್ಲ

"ಶುರು ಮಾಡಿದ್ರೆ ಮುಗಿಸ್ಬೇಕು. ಆಗಲ್ಲ ಅನ್ನೋದಾದ್ರೆ ಈಗಲೇ ಹೊರಟುಬಿಡಿ," ಎಂದಳು ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಚಾಟಿಗೆ ನಗು ತಡೆಯಲಾಗಲಿಲ್ಲ. ಚಾಟಿ ಎಂಬುದು ಅವಳ ನೋಡುಗರು ಇಟ್ಟ ಹೆಸರು. ಯಾರೂ ಮೂಸಿ ನೋಡದ ಹಳೆಯ ಕಂಪ್ಯೂಟರ್ ಆಟಗಳನ್ನು ಹುಡುಕಿ ತಂದು, ಕ್ಯಾಮೆರಾ ಮುಂದೆ ಅವುಗಳ ಮಾನ ಹರಾಜು ಹಾಕುವುದು ಅವಳ ಕಸುಬು. ಈಗ ಅವಳು ಒಯ್ಯಲು ಬಂದಿದ್ದ ಆಟದಲ್ಲಿ ಚಿತ್ರವಿಲ್ಲ, ಸದ್ದಿಲ್ಲ. ಬರೀ ಅಕ್ಷರ. 'ಬಾಗಿಲು ತೆರೆ' ಎಂದು ಒತ್ತಿದರೆ ಬಾಗಿಲ ಆಚೆ ಏನಿದೆ ಎಂದು ಹೇಳುತ್ತದೆ, ಅಷ್ಟೇ. ಲಿಫ್ಟ್ ರಿಪೇರಿ ಮಾಡುತ್ತಿದ್ದ ದರ್ಜಿಯ ಗಂಡ ಅರ್ಧ ಆಯುಷ್ಯ ಸುರಿದು ಬರೆದದ್ದು ಅದು. ಆಡಿದವರು ಬೆರಳೆಣಿಕೆಯಷ್ಟೂ ಇಲ್ಲ.

"ಒಂದು ಸಲ ನಮ್ಮನೆಯವರನ್ನ ಸಭೆಗೆ ಕರೆದು, ಅಲ್ಲಿದ್ದೋರೆಲ್ಲ ಅವರ ಸಾಲುಗಳನ್ನ ಗಟ್ಟಿಯಾಗಿ ಓದಿ ಓದಿ ನಕ್ಕರು," ಎಂದಳು ದರ್ಜಿ. "ಇವರು ಮನೆಗೆ ಬಂದೋರೇ ಕೀಲಿಮಣೆ ಬಿಚ್ಚಿದ್ರು. ಒಂದೊಂದು ಕೀಲಿ ಕೆಳಗೂ ತಮ್ಮ ಕೂದಲು ಸುತ್ತಿಟ್ರು. ಬೆರಳು ಕುಯ್ದು ರಕ್ತ ಸವರಿದ್ರು. ನಕ್ಕು ಅರ್ಧಕ್ಕೇ ಬಿಟ್ಟೋರ ಮಾತು ಯಾರಿಗೂ ಮುಟ್ಟದೆ ಹೋಗ್ಲಿ ಅಂದ್ರು. ಬೆಳಗ್ಗೆ ಎದ್ದೇಳ್ಲೇ ಇಲ್ಲ."

"ಅಯ್ಯೋ, ಆಟಕ್ಕಿಂತ ನಿಮ್ಮ ಕತೆನೇ ಚೆನ್ನಾಗಿದೆಯಲ್ಲಮ್ಮ!" ಎಂದು ಚಾಟಿ ಆಟವಿದ್ದ ಹಳೆಯ ಕಂಪ್ಯೂಟರನ್ನು ಕಾರಿನ ಡಿಕ್ಕಿಗೆ ಹಾಕಿಸಿಕೊಂಡಳು.

ಮನೆಯಲ್ಲಿ ಅದನ್ನು ಹಚ್ಚಿದಾಗ ಸುಟ್ಟ ಕೂದಲಿನ ವಾಸನೆ ಬಂತು. ಹಳೆಯ ವೈರು ಬಿಸಿಯಾಗಿದೆ ಎಂದುಕೊಂಡಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

'ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ. ಮೇಲಿನಿಂದ ಯಾರೋ ನಿನ್ನ ಹೆಸರು ಕರೆಯುತ್ತಿದ್ದಾರೆ. ಕೆಳಗಿನಿಂದ ಯಾರೋ ಓಗೊಡುತ್ತಿದ್ದಾರೆ.'

ಗೇಲಿಗೆ ಬೇಕಾದ ಸಾಲು ಹೆಕ್ಕಲೆಂದು ಕೂತವಳು ಕಾಫಿ ಆರಿಹೋದದ್ದನ್ನು ನೋಡಲಿಲ್ಲ. ಕೊನೆಯಿಲ್ಲದ ಕಟ್ಟಡ. ಒಂದೊಂದು ಮಹಡಿಯಲ್ಲೂ ಒಂದೊಂದು ಸಂಸಾರ. ಒಂದು ಮನೆಯಲ್ಲಿ ಕೇಳಿದ ಕೆಮ್ಮನ್ನು ನೆನಪಿಟ್ಟುಕೊಂಡರೆ ಮಾತ್ರ ಇನ್ನೊಂದು ಮನೆಯ ಕದ ತೆರೆಯುತ್ತಿತ್ತು. ಗೋಡೆಗೆ ಹಾಳೆ ಅಂಟಿಸಿ ನಕ್ಷೆ ಬರೆದಳು. ತಾನು ಬರೆಯದೆಯೇ ಅದು ಬೆಳೆಯುತ್ತಿದೆಯೇನೋ ಅನ್ನಿಸುವಷ್ಟು ದೊಡ್ಡದಾಯಿತು. ಒಂದು ಬೀಗ ತೆರೆದುಕೊಂಡಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದಳು. ಇಷ್ಟು ಚೆನ್ನಾಗಿದೆ ಎಂಬುದೇ ಅವಳಲ್ಲಿ ಉರಿ ಎಬ್ಬಿಸಿತು. ಇದನ್ನು ಹೇಗೆ ಹಳಿಯುವುದು?

ಆಮೇಲೆ ಕಣ್ಣು ಕಾಣದ ಮುದುಕಿಯ ಕೋಣೆ ಬಂತು. ಮುದುಕಿ ದಾರಿ ಬಿಡಲೊಲ್ಲಳು. ಚಾಟಿ ಅವಳಿಗೆ ದೀಪ ಕೊಟ್ಟಳು, ಹಗ್ಗ ಕೊಟ್ಟಳು, ಕನ್ನಡಿ, ಬೀಗದ ಕೈ. ಬೇಡಿದಳು, ತಳ್ಳಿದಳು. ಪ್ರತಿ ಸಲವೂ ಒಂದೇ ಉತ್ತರ: 'ಆ ಪದ ನನಗೆ ಗೊತ್ತಿಲ್ಲ.' ವಾರವಿಡೀ ತಲೆ ಚಚ್ಚಿಕೊಂಡ ಮೇಲೆ ಚಾಟಿಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದ ಬೈಗುಳವನ್ನೆಲ್ಲ ಕೀಲಿಗಳ ಮೇಲೆ ಕುಟ್ಟಿ ಯಂತ್ರ ಆರಿಸಿದಳು. ಅದೇ ಸಿಟ್ಟಿನಲ್ಲಿ ಕ್ಯಾಮೆರಾ ಮುಂದೆ ಕೂತಳು. "ಇದನ್ನ ಮಾಡಿದೋನು ಸತ್ತಿದ್ದಾನೆ. ಬದುಕಿದ್ದಾಗಲೂ ಜನಕ್ಕೆ ವ್ಯತ್ಯಾಸ ಗೊತ್ತಾಗಿರ್ಲಿಕ್ಕಿಲ್ಲ ಬಿಡಿ!" ಸಾವಿರಾರು ಜನ ನಕ್ಕರು.

ಮರುದಿನ ಬೆಳಗ್ಗೆ ಅಂಗಡಿಗೆ ಹೋಗಿ, "ಒಂದು ಪ್ಯಾಕೆಟ್ ಹಾಲು ಕೊಡಿ," ಎಂದಳು. ದಿನವೂ ಹರಟುತ್ತಿದ್ದ ಅಂಗಡಿಯವನ ಮುಖ ಒರೆಸಿದ ಹಲಗೆಯಂತಾಯಿತು.

"ಆ ಪದ ನನಗೆ ಗೊತ್ತಿಲ್ಲ."

"ತಮಾಷೆ ಸಾಕು ಮಾರಾಯ್ರೇ."

"ಆ ಪದ ನನಗೆ ಗೊತ್ತಿಲ್ಲ." ಅವನ ಉಸಿರಲ್ಲಿ ಸುಟ್ಟ ಕೂದಲ ನಾತ.

ಬಸ್ಸಿನಲ್ಲಿ ಕಂಡಕ್ಟರು. ಫೋನಿನಲ್ಲಿ ತಂಗಿ. ಎಲ್ಲರೂ ತಮ್ಮತಮ್ಮೊಳಗೆ ಸರಾಗ ಮಾತಾಡುತ್ತಿದ್ದರು. ಇವಳು ಬಾಯಿ ತೆರೆದೊಡನೆ ಕಣ್ಣು ಗಾಜಾಗುತ್ತಿತ್ತು. ಬರೆದು ತೋರಿಸಿದರೂ ಅಷ್ಟೇ. ಅರಚಿದಳು, ಮೇಜು ಗುದ್ದಿದಳು. ಜನ ಪಕ್ಕಕ್ಕೆ ಸರಿದು ಹೋದರು, ಕಂಬವನ್ನು ಬಳಸಿ ಹೋಗುವ ಹಾಗೆ. ಮನೆಯಲ್ಲಿ ಪುಟ್ಟ ಮಗಳಿಗೆ ಮಾತ್ರ ಒಂದೆರಡು ಮಾತು ದಾಟುತ್ತಿದ್ದವು. 'ಬಾ', 'ತಗೋ', 'ನೋಡು'. ದಿನ ಕಳೆದಂತೆ ಅವೂ ಒಂದೊಂದಾಗಿ ಸತ್ತವು.

ಒಂದು ಮಧ್ಯಾಹ್ನ ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ಮಗಳು ಸ್ಟೂಲು ಎಳೆದು ಹತ್ತಿದಳು. ಚಾಟಿ ಬಾಗಿಲಲ್ಲಿದ್ದಳು.

"ಬೇಡ! ಮುಟ್ಟಬೇಡ!"

ಮಗಳು ತಿರುಗಿದಳು. ಗಾಜಿನ ಕಣ್ಣು. "ಆ ಪದ ನನಗೆ ಗೊತ್ತಿಲ್ಲ." ಕೈ ಪಾತ್ರೆಯ ಕಡೆಗೆ ಚಾಚಿತು. ಚಾಟಿ ಕಿರುಚಿದಳು. ಓಡಿದಳು. ಓಡಿದಷ್ಟೂ ಅಡುಗೆಮನೆ ಉದ್ದವಾಯಿತು. ಪಾತ್ರೆ ವಾಲಿತು. ಉಗಿ. ಆಮೇಲೆ ಮಗುವಿನ ಚೀತ್ಕಾರ. ಅದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಆಸ್ಪತ್ರೆಯಲ್ಲಿ ಮಗಳ ಪಕ್ಕ ಚಿಕ್ಕಮ್ಮ ಕೂತಳು. ಚಾಟಿ ನೇರ ದರ್ಜಿಯ ಮನೆಗೆ ಹೋಗಿ ಬಾಗಿಲನ್ನು ಒದ್ದಳು. ತೆರೆದವಳ ಕತ್ತಿನಪಟ್ಟಿ ಹಿಡಿದು ಗೋಡೆಗೆ ಒತ್ತಿದಳು.

"ಮಾತಾಡ್ಬೇಡಿ, ನನಗೂ ಅರ್ಥ ಆಗಲ್ಲ," ಎಂದಳು ದರ್ಜಿ, ಬಿಡಿಸಿಕೊಳ್ಳದೆ. "ಹೊಡೀಬೇಕು ಅನ್ಸಿದ್ರೆ ಹೊಡೀರಿ. ನಾನೇನು ಸುಖವಾಗಿದ್ದೆ ಅಂದ್ಕೊಂಡ್ರಾ? ಮದುವೆಯಾದಾಗಿಂದ್ಲೂ ಆ ಪರದೆ ಮುಂದೆ ಕೂತಿದ್ದ ಗಂಡ. ಹಾಳಾಗಿ ಹೋಗ್ಲಿ ಅಂತ ನಾನೂ ಅದನ್ನ ಓದ್ಲಿಲ್ಲ. ನಗಲೂ ಇಲ್ಲ, ಅದಕ್ಕೇ ಉಳ್ಕೊಂಡೆ. ಹೋಗಿ ಮುಗಿಸಿ. ಬೇರೆ ದಾರಿ ಇಲ್ಲ."

ಚಾಟಿ ಮುಗಿಸಲು ಕೂತಳು. ಕೀಲಿಗಳು ಬೆಚ್ಚಗಿದ್ದವು, ಒತ್ತಿದಾಗ ಒಳಗೆ ಏನೋ ಮೆತ್ತಗೆ ಮಿಸುಕುತ್ತಿತ್ತು. ಮುದುಕಿಯ ಕೋಣೆಯಲ್ಲಿ ಹಲ್ಲು ಕಚ್ಚಿ ಎಲ್ಲವನ್ನೂ ಮೊದಲಿನಿಂದ ಓದಿದಳು. ಮುದುಕಿ ಏನನ್ನೂ ಬೇಡಿರಲಿಲ್ಲ. ಏನೋ ಹೇಳಲು ಹೊರಟಿದ್ದಳು, ಅಷ್ಟೇ.

'ಮುದುಕಿಯ ಮಾತು ಕೇಳು,' ಎಂದು ಒತ್ತಿದಳು.

ಮುದುಕಿ ಹೇಳತೊಡಗಿದಳು. ಚಾಟಿ ಕೇಳಿದಳು. ಮುಂದಿನ ಮಹಡಿಗಳಲ್ಲಿ ಅವಳು ಅತ್ತದ್ದೂ ಉಂಟು. ಅತ್ತದ್ದಕ್ಕೆ ಆಟ ಬರೆದವನನ್ನು ಶಪಿಸಿದ್ದೂ ಉಂಟು. ಕಟ್ಟಕಡೆಗೆ ಲಿಫ್ಟು ನಿಂತಿತು.

'ಮೇಜಿನ ಹಿಂದೆ ಒಬ್ಬ ಕೂತಿದ್ದಾನೆ. ಅವನ ಬೆರಳಿನಿಂದ ರಕ್ತ ಸೋರುತ್ತಿದೆ. ಪೂರ್ತಿ ಓದಿದೆಯಾ, ಎಂದು ಕೇಳುತ್ತಾನೆ.'

'ಓದಿದೆ.'

'ಹೇಗಿತ್ತು?'

ಕೋಣೆಯಲ್ಲಿ ಉಸಿರುಗಟ್ಟುವ ನಾತ. ಬೆನ್ನ ಹಿಂದೆ ಯಾರೋ ಬಾಗಿ ನಿಂತು ಓದುತ್ತಿದ್ದಂತಿತ್ತು. ಹೊಗಳಿದರೆ ಬಿಟ್ಟಾನು ಎಂದು ಅವಳಿಗೆ ಗೊತ್ತಿತ್ತು. ಆದರೂ ಬೆರಳುಗಳು ಬೇರೆಯದನ್ನೇ ಒತ್ತಿದವು.

'ಇದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ. ನಿನಗಿಂತ ನೀಚನನ್ನು ನಾನು ಕಂಡಿಲ್ಲ. ನಕ್ಕವಳು ನಾನು. ಸುಟ್ಟದ್ದು ನನ್ನ ಮಗಳ ಕೈ.'

ಹಸಿರು ಗೆರೆ ಮಿನುಗಿತು. ಮಿನುಗುತ್ತಲೇ ಇತ್ತು.

'ಅರ್ಥವಾಯಿತು,' ಎಂದು ಮೂಡಿತು. ಪರದೆ ಆರಿತು. ನಾತ ಹೋಯಿತು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ಅವಳು ಆಸ್ಪತ್ರೆಗೆ ಓಡಿದಳು. "ಪುಟ್ಟೀ," ಎಂದಳು ಬಾಗಿಲಲ್ಲೇ. ಮಗಳು ತಲೆ ತಿರುಗಿಸಿದಳು. ಕಣ್ಣು ಗಾಜಾಗಿರಲಿಲ್ಲ. ಕೈಯ ಬ್ಯಾಂಡೇಜಿನೊಳಗಿನ ಬೆರಳುಗಳನ್ನು ಇನ್ನೆಂದೂ ಪೂರ್ತಿ ಚಾಚಲಾಗುವುದಿಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು.

"ಅಮ್ಮಾ," ಎಂದಿತು ಮಗು. "ಅವತ್ತು ನೀನ್ಯಾಕೆ ಬೇಡ ಅನ್ಲಿಲ್ಲ?"

"ಅಂದೆ ಕಂದಾ. ಕಿರುಚಿದೆ. ಓಡಿ ಬಂದೆ."

"ಇಲ್ಲ." ಮಗಳು ಕೈಯನ್ನು ಎದೆಗೆ ಎಳೆದುಕೊಂಡು ಗೋಡೆಯ ಕಡೆಗೆ ಹೊರಳಿದಳು. "ನೀನು ಬಾಗಿಲಲ್ಲಿ ನಿಂತ್ಕೊಂಡು ನಗ್ತಾ ಇದ್ದೆ."